ಮೀಸೆ ಯಜಮಾನರ ಚಮಕಿ ಮುಸುಕು

ನಮ್ಮ ಮನೆಯಲ್ಲಿ ಯಾವ ಮದುವೆ ಮುಂಜಿ ಇದ್ದರೂ ಮುಂಚಿತವಾಗಿ ಹೋಗಿ ಎಲ್ಲ ನೋಡಿಕೊಳ್ಳಲು ಒಬ್ಬರು ಬೇಕಾಗುತ್ತದೆ. ಕೆಲಸವಿರುವವರನ್ನು ಕಳಿಸಲಿಕ್ಕೆ ಬರುವುದಿಲ್ಲ, ಅವರಿಗೆ ಕೆಲಸವಿರುತ್ತದೆ. ಹಾಗಾಗಿ ನನ್ನನ್ನು ಕಳಿಸುತ್ತಾರೆ. ಪತ್ರಿಕೆಗೆ ನಗೆಬರಹ ಬರೆಯುವುದು ಒಂದು ಕೆಲಸ ಅಂತ ಮನೆಯಲ್ಲಿ ಇನ್ನೂ ಯಾರೂ ಒಪ್ಪಿಲ್ಲ. ಪತ್ರಿಕೆಯವರೂ ಪೂರ್ತಿ ಒಪ್ಪಿದ ಹಾಗೆ ಕಾಣುವುದಿಲ್ಲ.

ಈ ಸಲ ಅಣ್ಣನ ಮಗಳ ಮದುವೆ, ಅದೂ ಬೆಟ್ಟದ ಮೇಲೆ. ಬೆಟ್ಟ ಅಂದರೆ ಸಂಜೆ ಹೋಗಿ ಕಡಲೆಕಾಯಿ ತಿಂದು ಬರುವ ಬೆಟ್ಟವಲ್ಲ. ಬಸ್ಸು ಏದುಸಿರು ಬಿಡುತ್ತಾ ಹತ್ತಿ, ಇನ್ನು ನನ್ನ ಕೈಲಾಗದು ಅಂತ ನಿಂತುಬಿಡುವ ಜಾಗದಲ್ಲಿ ಒಂದು ಪುಟ್ಟ ಊರು. ಅಲ್ಲಿಂದಾಚೆ ರಸ್ತೆ ಇಲ್ಲ. ಹೇಸರಗತ್ತೆಗಳು ತುಳಿದು ತುಳಿದು ಮಾಡಿದ ಕಾಲುದಾರಿ ಒಂದೇ. ಆ ದಾರಿ ಹಿಡಿದು ಹೋದರೆ ಮೇಲೆ ಒಂದು ಕೊಳ, ಕೊಳದ ಹಿಂದೆ ಹಿಮದ ಶಿಖರಗಳು. ಆ ಊರಿನಲ್ಲಿ ಮದುವೆಯಾಗುವವರೆಲ್ಲ ಹಿಂದಿನ ದಿನ ಸಿಂಗರಿಸಿಕೊಂಡು ಕೊಳದ ಹತ್ತಿರ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಲಾಡ್ಜಿನ ಗೋಡೆಯ ಮೇಲೆ, ಅಂಗಡಿಯ ಗಾಜಿನ ಮೇಲೆ, ಔಷಧಿ ಅಂಗಡಿಯ ಕ್ಯಾಲೆಂಡರಿನ ಮೇಲೆ ಎಲ್ಲೆಲ್ಲೂ ಅದೇ ಕೊಳ, ಅದರ ಮುಂದೆ ಚಳಿಗೆ ಹಲ್ಲು ಕಚ್ಚಿಕೊಂಡು ನಗುವ ಬೇರೆ ಬೇರೆ ಜೋಡಿಗಳು.

ನಮ್ಮ ಹುಡುಗಿಗೆ ಚಿಕ್ಕಂದಿನಿಂದ ಒಂದು ಕಾಲಿನಲ್ಲಿ ಬಲವಿಲ್ಲ. ಮೊಣಕಾಲಿನ ಮೇಲಿನವರೆಗೆ ಕಬ್ಬಿಣದ ಪಟ್ಟಿ, ಕೈಯಲ್ಲಿ ಒಂದು ಕೋಲು. ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವುದು ಅವಳ ಕೆಲಸ. ದಿನವಿಡೀ ಜನರನ್ನು ಕೂರಿಸಿ "ಈಗ ಕಾಣುತ್ತಾ, ಈಗ ಕಾಣುತ್ತಾ" ಅಂತ ಕೇಳುವವಳು. ಅವಳ ಕಣ್ಣು ತಪ್ಪಿಸಿ ನಮ್ಮ ಮನೆಯಲ್ಲಿ ಯಾರೂ ಏನೂ ಮಾಡಿದ್ದಿಲ್ಲ.

ಹುಡುಗನ ಕಡೆ ಒಬ್ಬರು ಸೋದರತ್ತೆ ಇದ್ದಾರೆ. ಒಳ್ಳೆಯ ಹೆಂಗಸು. ಎಲ್ಲರ ಕಷ್ಟವನ್ನೂ ತಾವೇ ಯೋಚಿಸಿ, ತಾವೇ ಪರಿಹರಿಸಿ, ಆಮೇಲೆ ಕಷ್ಟವಿದ್ದವರಿಗೆ ತಿಳಿಸುವ ಜಾತಿ. ಫೋಟೋದ ಮಾತು ಬಂದಾಗ ಅವರು ಹೇಳಿದರು: "ಲಾಡ್ಜಿನ ತೋಟದಲ್ಲೇ ತೆಗೆಸೋಣ ಬಿಡಿ. ಹುಡುಗಿಗೋಸ್ಕರ ನಾವೆಲ್ಲ ಕೆಳಗೇ ಇರ್ತೀವಿ. ನಮಗೇನೂ ಬೇಜಾರಿಲ್ಲ."

ಹುಡುಗಿ ಕನ್ನಡಕ ಒರೆಸಿಕೊಂಡಳು. ಅವಳು ಕನ್ನಡಕ ಒರೆಸಿದಳು ಅಂದರೆ ನಮ್ಮಣ್ಣ ಕೂಡ ಎದ್ದು ಆಚೆ ಹೋಗುತ್ತಾನೆ.

"ಅತ್ತೆ, ಚಿಕ್ಕಂದಿನಿಂದ ನನಗೋಸ್ಕರ ಎಲ್ಲರೂ ಕೆಳಗೇ ಉಳಿದಿದಾರೆ. ಸಾಕಾಗಿದೆ ಅವರಿಗೂ. ಈ ಸಲ ನನಗೋಸ್ಕರ ಎಲ್ಲರೂ ಮೇಲೆ ಹತ್ತಲಿ."

"ಹಾಗಾದ್ರೆ ಕುರ್ಚಿ ಇದೆಯಂತಲ್ಲಮ್ಮ. ಆಳುಗಳು ಹೆಗಲ ಮೇಲೆ ಹೊತ್ಕೊಂಡು ಹೋಗ್ತಾರೆ. ಆರಾಮಾಗಿ ಕೂತ್ಕೊಂಡ್ರಾಯ್ತು."

"ಬೀರು ಮಂಚ ಹೊತ್ಕೊಂಡು ಹೋಗ್ತಾರಲ್ಲ, ಹಾಗಾ? ಬೇಡ. ಹೇಸರಗತ್ತೆ ಮೇಲೆ ಹೋಗ್ತೀನಿ. ಲಗಾಮು ನಾನೇ ಹಿಡೀತೀನಿ."

ಹುಡುಗ ಪಾಪ, ಮೆಲ್ಲಗೆ "ಅವಳು ಹಾಗಂದ್ರೆ ಹಾಗೇ" ಅಂದ. ಮದುವೆಗೆ ಮುಂಚೆಯೇ ಇಷ್ಟು ಕಲಿತಿದ್ದಾನಲ್ಲ ಅಂತ ನನಗೆ ಸಮಾಧಾನವಾಯಿತು. ಅತ್ತೆಯವರು ಮಾತ್ರ ಮಾತಿಗೆ ಒಪ್ಪಿ, ಮನಸ್ಸಿನಲ್ಲಿ ಕುರ್ಚಿಯನ್ನು ಇಟ್ಟುಕೊಂಡೇ ಇದ್ದರು. ಕುರ್ಚಿಯವರಿಗೆ ಹೇಳಿಯೂ ಬಿಟ್ಟಿದ್ದಾರೆ ಅಂತ ನನಗೆ ಆಮೇಲೆ ತಿಳಿಯಿತು. ಅಂತೂ ಸರಿಯಾದ ಪ್ರಾಣಿಯನ್ನು ಗೊತ್ತುಮಾಡುವ ಜವಾಬ್ದಾರಿ ನನ್ನ ತಲೆಗೆ ಬಂತು. ಪ್ರಾಣಿಗಳಿಗೂ ನನಗೂ ಇರುವ ಸಂಬಂಧವೆಂದರೆ, ನಾಯಿ ಅಟ್ಟಿಸಿಕೊಂಡು ಬಂದರೆ ಓಡುವುದು.

ಹೀಗೆ ನಾನು ಮದುವೆಗೆ ಮೊದಲೇ ಆ ಊರಿಗೆ ಹೋಗಿ, ಬಾಡಿಗೆ ಜಾಕೆಟ್ಟಿನೊಳಗೆ ಹೂತುಕೊಂಡು, ಹೇಸರಗತ್ತೆ ಸ್ಟ್ಯಾಂಡಿನ ಮುಂದೆ ನಿಂತೆ. ಬಸ್ಸು ತಿರುಗುವ ಜಾಗದ ಪಕ್ಕದಲ್ಲೇ ಸ್ಟ್ಯಾಂಡು. ಕಲ್ಲಿನ ಗೋಡೆಗೆ ಸಾಲಾಗಿ ಕಬ್ಬಿಣದ ಬಳೆಗಳು, ಬಳೆಗೊಂದು ಪ್ರಾಣಿ, ಪ್ರಾಣಿಗೊಬ್ಬ ಮಾಲೀಕ, ಮಾಲೀಕನ ಬಾಯಲ್ಲಿ ಜಗಳ. "ಇದು ಯಾರ ಸರದಿ" ಅಂತ ಇಬ್ಬರು ಒಬ್ಬರ ಕಾಲರ್ ಒಬ್ಬರು ಹಿಡಿದಿದ್ದರು. ಅಷ್ಟರಲ್ಲಿ ಮೂಲೆಯಿಂದ ಒಬ್ಬ ದಪ್ಪನೆಯ ಮನುಷ್ಯ ಎದ್ದು ನಿಂತು, ಒಂದು ಮಾತೂ ಆಡದೆ, ತನ್ನ ಮೀಸೆಯ ಎಡತುದಿಯನ್ನು ಮುಟ್ಟಿಕೊಂಡ. ಕಾಲರ್‌ಗಳು ಬಿಟ್ಟುಹೋದವು. ಬಲತುದಿ ಮುಟ್ಟಿದರೆ ಏನಾಗುತ್ತದೋ ಅಂತ ನಾನೂ ಒಂದು ಹೆಜ್ಜೆ ಹಿಂದೆ ಸರಿದೆ.

ಅವರೇ ಮೀಸೆ ಯಜಮಾನರು. ಆ ಮೀಸೆಯನ್ನು ವರ್ಣಿಸಲಿಕ್ಕೆ ನನ್ನಂಥ ಬರೀ ಮೇಲ್ದುಟಿಯವನಿಗೆ ಹಕ್ಕಿಲ್ಲ. ಮೇಣದಬತ್ತಿ ಕರಗಿಸಿ, ಎಣ್ಣೆ ಬೆರೆಸಿ, ಬೆರಳಿನಲ್ಲಿ ತೀಡಿ ತೀಡಿ ಎರಡೂ ಕಡೆ ಮೇಲಕ್ಕೆತ್ತಿದ ಮೀಸೆ. ಮುಖ ಒಂದು ಹೆಜ್ಜೆ ಹಿಂದೆ, ಅದು ಒಂದು ಹೆಜ್ಜೆ ಮುಂದೆ. ಅವರು ಯಾರಿಗೂ ಬಗ್ಗಿದವರಲ್ಲ, ಯಾರ ನಗೆಗೂ ಗುರಿಯಾದವರಲ್ಲ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಗೊತ್ತಾಗದವರಿಗೆ ಅವರೇ ಹೇಳುತ್ತಿದ್ದರು.

"ಸಾರ್, ಈ ದಾರಿಯಲ್ಲಿ ನನ್ನಷ್ಟು ಓಡಾಡಿದವನು ಹುಟ್ಟಿಲ್ಲ. ನಮ್ಮಪ್ಪ ಉಪ್ಪು, ಸೀಮೆಎಣ್ಣೆ ಹೊರಿಸ್ತಿದ್ದ. ನಾನು ಸಿಮೆಂಟು, ಗ್ಯಾಸ್ ಸಿಲಿಂಡರು. ಈಗ ಮದುಮಕ್ಕಳು. ನಿಜ ಹೇಳ್ಲಾ? ಸಿಮೆಂಟೇ ವಾಸಿ. ಯಾವ ಮೂಟೆನೂ 'ನಾನು ಯಾವ ಕಡೆಯಿಂದ ಚೆನ್ನಾಗಿ ಕಾಣ್ತೀನಿ' ಅಂತ ಕೇಳಲ್ಲ."

ನಾನು ಹುಡುಗಿಯ ವಿಷಯ ಹೇಳಿದೆ. ಕಾಲು, ಕೋಲು, ಕುರ್ಚಿ, ಬೀರು ಮಂಚದ ಮಾತು ಎಲ್ಲವನ್ನೂ ಹೇಳಿದೆ. ಬೀರು ಮಂಚಕ್ಕೆ ಅವರು ಜೋರಾಗಿ ನಕ್ಕರು.

"ಈ ಹುಡುಗಿ ನಮ್ಮ ಅಮ್ಮಣ್ಣಿಗೆ ಸರಿಯಾದ ಜೋಡಿ. ಬನ್ನಿ."

ಅಮ್ಮಣ್ಣಿ ಅಂದರೆ ಅವರ ಹೇಸರಗತ್ತೆ. ಕಂದುಬಣ್ಣ, ಉದ್ದ ಕಿವಿ, ಜಗತ್ತನ್ನು ಒಂದು ಸಲ ನೋಡಿ "ಇಷ್ಟೇನಾ" ಅಂದ ಹಾಗಿರುವ ಮುಖ. ನಾನು ಹತ್ತಿರ ಹೋದಾಗ ನನ್ನನ್ನೂ ಹಾಗೆಯೇ ನೋಡಿತು. ಅಂದಾಜು ಸರಿಯಾಗಿಯೇ ಇತ್ತು.

"ಮದುಮಗಳ ಬಟ್ಟೆ ಎಂಥದ್ದು ಸಾರ್?" ಅಂತ ಯಜಮಾನರು ಕೇಳಿದರು.

ಫೋನಿನಲ್ಲಿ ತೋರಿಸಿದೆ. ಚಮಕಿ ತುಂಬಿದ ಲಂಗ, ತಲೆಯಿಂದ ಇಳಿದು ಹಿಂದೆ ನೆಲದ ಮೇಲೆ ಹರಿಯುವ ಚಮಕಿ ಮುಸುಕು. ಯಜಮಾನರ ಮುಖ ಇಳಿಯಿತು. ಮೀಸೆ ಇಳಿಯಲಿಲ್ಲ, ಅದಕ್ಕೆ ಮೇಣವಿತ್ತು.

"ಇದನ್ನ ಮೇಲೆ ಹೋಗಿ ಹಾಕ್ಕೊಳ್ಳಲಿ. ಎಲ್ಲರೂ ಹಾಗೇ ಮಾಡೋದು. ಡೇರೆ ಇದೆ ಅಲ್ಲಿ."

"ಆ ಗಾಳಿಯಲ್ಲಿ ಕಾಲಿನ ಪಟ್ಟಿ ಬಿಚ್ಚಿ, ಲಂಗ ಹಾಕಿ, ಮತ್ತೆ ಪಟ್ಟಿ ಕಟ್ಟೋದು ಅವಳಿಗೆ ಆಗಲ್ಲ. ಕೆಳಗೇ ಸಿಂಗಾರ ಮುಗಿಸಿಕೊಂಡು ಹತ್ತಬೇಕು."

ಯಜಮಾನರು ಹುಲ್ಲಿನ ಮೂಟೆಯ ಮೇಲೆ ಕೂತುಬಿಟ್ಟರು. ಹಿಂದೆ ಒಂದು ಸಲ ಯಾವಳೋ ಮದುಮಗಳು ಹಟಮಾಡಿ ಚಮಕಿ ಮುಸುಕು ಹೊದ್ದುಕೊಂಡು ಅಮ್ಮಣ್ಣಿಯನ್ನೇರಿದ್ದಳಂತೆ. ಗಾಳಿಗೆ ಮುಸುಕು ಹಾರಿ ಅಮ್ಮಣ್ಣಿಯ ಕಣ್ಣೆದುರು ಮಿಣಮಿಣ ಅಂದಿತಂತೆ. ಅಮ್ಮಣ್ಣಿ ಕಾಲು ಕಿತ್ತ ರಭಸಕ್ಕೆ ಮದುಮಗಳು ಪೊದೆಯೊಳಗೆ, ಯಜಮಾನರು ಚರಂಡಿಯೊಳಗೆ.

"ಪೊದೆ ಇತ್ತು, ಬಚಾವಾದಳು ಸಾರ್. ಎಲ್ಲ ಕಡೆ ಪೊದೆ ಇರಲ್ಲ. ಅವತ್ತಿಂದ ಅಮ್ಮಣ್ಣಿಗೆ ಹೊಳೆಯೋದು ಕಂಡ್ರೆ ಆಗಲ್ಲ. ಸ್ಟೀಲ್ ಲೋಟ ಕಂಡ್ರೂ ಆಗಲ್ಲ."

"ಬೇರೆ ಪ್ರಾಣಿ?"

"ಬೇರೆಯವರದ್ದನ್ನ ನಾನು ನಂಬಲ್ಲ. ಇಂಥ ಕಾಲಿನ ಹುಡುಗಿ ಬಿದ್ದರೆ..." ಅಂದು ಎದ್ದರು. ಅಮ್ಮಣ್ಣಿಯ ಕಿವಿ ತಿಕ್ಕುತ್ತಾ, "ಮದುವೆವರೆಗೂ ಟೈಮಿದೆಯಲ್ಲ. ನೋಡೋಣ. ಹೇಗೆ ಮಾಡ್ತೀನಿ ಅಂತ ಮಾತ್ರ ಕೇಳಬೇಡಿ," ಅಂದರು.

ನಾನು ಕೇಳಲಿಲ್ಲ. ಕೇಳದೇ ಇದ್ದರೂ ಗೊತ್ತಾಯಿತು. ಲಾಡ್ಜಿನಲ್ಲಿ ಬಿಸಿನೀರು ಬರಲಿಲ್ಲವೆಂದು ಜಗಳವಾಡಿ, ಆ ಜಗಳದಿಂದ ಬಂದ ಬಿಸಿಯಲ್ಲೇ ಬೆಳಗಿನ ಚಳಿಗೆ ಸುತ್ತಾಡಲು ಹೊರಟಿದ್ದೆ. ಸ್ಟ್ಯಾಂಡಿನ ಹಿಂದೆ ಯಜಮಾನರ ಲಾಯ, ಲಾಯದ ಹಿಂದೆ ಎತ್ತರದ ಗೋಡೆಯ ಅಂಗಳ. ಗೋಡೆ ಒಂದು ಕಡೆ ಕುಸಿದಿತ್ತು. ಅಲ್ಲಿಂದ ಇಣುಕಿದರೆ ಮಂಜಿನೊಳಗೆ ಒಬ್ಬಳು ಮದುಮಗಳು ನಡೆದು ಹೋಗುತ್ತಿದ್ದಾಳೆ! ಬೆನ್ನು ನನ್ನ ಕಡೆ. ತಲೆಯಿಂದ ನೆಲದವರೆಗೆ ಮಿಣಮಿಣ ಮುಸುಕು. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಕಣ್ಣು ಕೆಕ್ಕರಿಸಿಕೊಂಡ ಅಮ್ಮಣ್ಣಿ. "ಬಾ ತಾಯೀ, ಬಾ ಬಂಗಾರೀ, ಇದು ಬರೀ ಬಟ್ಟೆ ಕಣೇ," ಅಂತ ದಪ್ಪ ದನಿಯೊಂದು ರಮಿಸುತ್ತಿತ್ತು. ದನಿ ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನುವಷ್ಟರಲ್ಲಿ ಮದುಮಗಳು ತಿರುಗಿದಳು. ಮುಸುಕಿನ ಎರಡೂ ಅಂಚಿನಿಂದ ಮೀಸೆ ಹೊರಗೆ ಬಂದಿತ್ತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಮೂವರು ಅನ್ನಬೇಕು, ಅಮ್ಮಣ್ಣಿಯೂ ನೋಡಿತು.

"ಸಾರ್," ಅಂದರು ಯಜಮಾನರು, ಬಹಳ ಮರ್ಯಾದೆಯಿಂದ, "ಸ್ಟ್ಯಾಂಡಿನಲ್ಲಿ ಇದು ಗೊತ್ತಾಯ್ತೋ, ನಾನು ಈ ಮೀಸೆ ಬೋಳಿಸಿ ಊರು ಬಿಟ್ಟು ಹೋಗಬೇಕು."

ನಾನು ನಗಬಾರದೆಂದು ತುಟಿ ಕಚ್ಚಿಕೊಂಡೆ. ಮಹಡಿಯ ಕಿಟಕಿಯಲ್ಲಿ ಅವರ ಹೆಂಡತಿಗೆ ಅಂಥ ಕಷ್ಟವೇನೂ ಇರಲಿಲ್ಲ. ಆಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಒಳಗೆ ಬನ್ನಿ ಸಾರ್, ಬನ್ನಿ. ಮದುಮಗಳು ಟೀ ಕೊಡ್ತಾಳೆ."

ಅವರ ಮನೆಯೆಂದರೆ ಲಾಯದ ಮೇಲಿನ ಎರಡು ಕೋಣೆ. ಹಲಗೆಯ ನೆಲದ ಸಂದಿಯಿಂದ ಕೆಳಗಿನ ಪ್ರಾಣಿಗಳ ಉಸಿರಿನ ಬಿಸಿ ಮೇಲೆ ಬರುತ್ತದೆ. ನನ್ನ ಲಾಡ್ಜಿಗಿಂತ ನೂರುಪಾಲು ಬೆಚ್ಚಗಿತ್ತು. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಅದರ ಸುತ್ತ ಊರವರ ಹರಿದ ಕಂಬಳಿ, ಜೀನಿನ ಪಟ್ಟಿ. ಹಳೆಯ ಪರದೆಯೊಂದಕ್ಕೆ ಚಮಕಿ ಹೊಲಿದು ಆ ಮುಸುಕನ್ನು ಮಾಡಿದವರು ಆಕೆಯೇ.

"ನನ್ನ ಮದುವೇಲಿ ನನಗೆ ಒಂದು ಚಮಕಿ ಇರ್ಲಿಲ್ಲ ಸಾರ್. ಇದೇ ದಾರೀಲಿ ಕರ್ಕೊಂಡು ಬಂದರು. ಮುಂದಿನ ಪ್ರಾಣಿ ಮೇಲೆ ಸಿಮೆಂಟು, ಹಿಂದಿನದರ ಮೇಲೆ ನಾನು. ಮಳೆ ಬಂತು. ಇವರು ಕೊಡೆ ಬಿಚ್ಚಿ ಯಾರಿಗೆ ಹಿಡಿದ್ರು ಕೇಳಿ."

"ಸಿಮೆಂಟು ನೆಂದರೆ ಗಟ್ಟಿಯಾಗುತ್ತೆ ಕಣೇ," ಅಂದರು ಯಜಮಾನರು.

"ನಾನೂ ಆದೆ."

ಆ ದಿನದಿಂದ ನನಗೂ ಕೆಲಸ ಸಿಕ್ಕಿತು. ದಿನಾ ಬೆಳಗ್ಗೆ, ಸ್ಟ್ಯಾಂಡು ಏಳುವ ಮೊದಲು, ನಾನು ಗೋಡೆಯ ಹಿಂದೆ ಅಡಗಿ ಕೂತು ಇದ್ದಕ್ಕಿದ್ದಂತೆ ಬೆಳ್ಳಿಬಣ್ಣದ ಹಾಳೆಯೊಂದನ್ನು ಪಟಪಟನೆ ಬಡಿಯಬೇಕು. ಫೋಟೋದವರು ಬೆಳಕು ಬೀರಲು ಹಿಡಿಯುತ್ತಾರಲ್ಲ, ಅದರ ಬದಲಿಗೆ. ಒಮ್ಮೊಮ್ಮೆ, ಗಾಳಿಗೆ ಹಾರಿಬಂದ ಹಾಗೆ, ಅಮ್ಮಣ್ಣಿಯ ಮುಖದ ಮೇಲೆ ಬೆಡ್‌ಶೀಟು ಎಸೆಯಬೇಕು. ಯಜಮಾನರು ಮುಸುಕು ಹೊದ್ದು ಅಮ್ಮಣ್ಣಿಯ ಮುಂದೆ ನಡೆಯಬೇಕು. ಒಂದು ಸುತ್ತಿಗೆ ಒಂದು ಕ್ಯಾರೆಟ್ಟು. ಮೊದಲ ದಿನ ಅಮ್ಮಣ್ಣಿ ಲಾಯದೊಳಗೆ ಓಡಿಹೋಗಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಆಮೇಲೆ ಮುಸುಕನ್ನು ಮೂಸಿತು. ಆಮೇಲೆ ಒಂದಷ್ಟು ಚಮಕಿ ತಿಂದಿತು. ಕೊನೆಕೊನೆಗೆ ಮುಸುಕು ಕಂಡರೆ ಸಾಕು, ಕಿವಿ ನೆಟ್ಟಗೆ ಮಾಡಿ, ಹಗ್ಗವೇ ಬೇಡ ಅನ್ನುವ ಹಾಗೆ ಹಿಂದೆ ಹಿಂದೆ ಹೋಗುತ್ತಿತ್ತು. ನಾನು ಹಾಳೆ ಬಡಿದು ಬಡಿದು ತೋಳು ನೋಯಿಸಿಕೊಂಡರೂ ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಒಂದು ಮಾತು ಇಲ್ಲಿ ಹೇಳಬೇಕು. ಎಷ್ಟು ಚಳಿಯಿದ್ದರೂ ಆ ಮನುಷ್ಯ ಒಂದು ಬೆಳಗ್ಗೆಯನ್ನೂ ತಪ್ಪಿಸಲಿಲ್ಲ. ಮೀಸೆಯ ಮೇಲೆ ಅಷ್ಟು ಆಸೆಯಿದ್ದವರು, ಜಗತ್ತಿನಲ್ಲಿ ಜನರ ನಗೆಯೊಂದನ್ನು ಬಿಟ್ಟು ಬೇರೆ ಯಾವುದಕ್ಕೂ ಹೆದರದವರು, ಎಂದೂ ನೋಡದ ಹುಡುಗಿಯೊಬ್ಬಳಿಗಾಗಿ ಮುಸುಕು ಹೊದ್ದು ಅಂಗಳ ಸುತ್ತುತ್ತಿದ್ದರು. ನಾನಾಗಿದ್ದರೆ ಮೊದಲನೆಯ ದಿನವೇ ಕುರ್ಚಿಯ ಗುಣಗಾನ ಶುರುಮಾಡುತ್ತಿದ್ದೆ.

ನಮ್ಮವರೆಲ್ಲ ಬಂದಿಳಿದರು. ಹುಡುಗಿ ಬಂದವಳೇ ಅಮ್ಮಣ್ಣಿಯನ್ನು ನೋಡಲು ಹೋದಳು. ಯಜಮಾನರು ಹತ್ತುವ ಕಲ್ಲನ್ನು ತೋರಿಸಿದರು. "ಒಳ್ಳೆ ಕಾಲು ಮೊದಲು ಇಡು ತಾಯಿ. ಇನ್ನೊಂದನ್ನ ಕೈಯಲ್ಲಿ ಎತ್ತಿ ಆಕಡೆ ಹಾಕು. ನಾನು ಹಿಡ್ಕೊಳ್ಳಲ್ಲ, ಸರೀನಾ?"

"ಹಿಡ್ಕೊಂಡ್ರೆ ಬೈತೀನಿ," ಅಂದಳು ಹುಡುಗಿ.

"ಗೊತ್ತು. ಅದಕ್ಕೇ ಹೇಳ್ದೆ."

ಎರಡು ಸಲ ಜಾರಿದಳು, ಮೂರನೆಯ ಸಲ ಮೇಲೆ ಕೂತಳು. ಸಾದಾ ಬಟ್ಟೆಯಲ್ಲಿ ಅಂಗಳದಲ್ಲಿ ಓಡಾಡಿದಳು. ಲಗಾಮು ಎಳೆದರೆ ನಿಲ್ಲುತ್ತದೆ, ಸಡಿಲಿಸಿದರೆ ನಡೆಯುತ್ತದೆ. ಮದುವೆಯ ಬಟ್ಟೆ ಕೊಳೆಯಾಗುತ್ತದೆಂದು ಅದನ್ನು ಉಡಿಸಿ ಕೂರಿಸಿ ನೋಡಲಿಲ್ಲ. ಅಮ್ಮಣ್ಣಿಗೆ ಹುಡುಗಿಯ ಅಭ್ಯಾಸವಾಗಿದೆ, ಚಮಕಿಯ ಅಭ್ಯಾಸವೂ ಆಗಿದೆ, ಇನ್ನೇನು ಬೇಕು ಅಂತ ನಾನು, ಯಜಮಾನರು ಇಬ್ಬರೂ ಅಂದುಕೊಂಡೆವು. ಇಬ್ಬರು ಗಂಡಸರು ಸೇರಿ ಒಂದು ವಿಷಯದಲ್ಲಿ ನಿಶ್ಚಿಂತರಾದರೆ ಅಲ್ಲೊಂದು ತೂತು ಇರುತ್ತದೆ ಅಂತ ನನ್ನ ಹೆಂಡತಿ ಆಗಾಗ ಹೇಳುತ್ತಿರುತ್ತಾಳೆ.

ಫೋಟೋದ ದಿನ ಬಿಸಿಲು ಚೆನ್ನಾಗಿ ಬಿದ್ದಿತ್ತು. ಹುಡುಗಿ ಲಾಡ್ಜಿನಿಂದ ಸ್ಟ್ಯಾಂಡಿನವರೆಗೆ ಕೋಲೂರಿಕೊಂಡು ನಡೆದು ಬಂದಳು. ಮೈಯೆಲ್ಲ ಚಮಕಿ. ನಮ್ಮಣ್ಣ ಸುಮ್ಮನೆ ಮೂಗು ಒರೆಸಿಕೊಳ್ಳುತ್ತಿದ್ದ, ಚಳಿಗೆ ಅಂತ ಹೇಳಿದ. ಫೋಟೋದವನು ಚೀಲ ಹೊತ್ತು ಮುಂದೆ. ಪಕ್ಕದಲ್ಲಿ ಕುರ್ಚಿ, ಕುರ್ಚಿಯ ಆಳುಗಳು, ಕುರ್ಚಿಯ ಅತ್ತೆ. "ಯಾವುದಕ್ಕೂ ಇರಲಿ ಅಂತ," ಅಂದರು ಅತ್ತೆ.

ಯಜಮಾನರು ಇಸ್ತ್ರಿ ಮಾಡಿದ ಕೋಟು ತೊಟ್ಟು, ಮೀಸೆಗೆ ಇನ್ನಷ್ಟು ಮೇಣ ಬಳಿದು, ಲಗಾಮನ್ನು ಹುಡುಗಿಯ ಕೈಗೆ ಕೊಡುವ ಮೊದಲು ತಮ್ಮ ಕೈಯಲ್ಲಿ ಹಿಡಿದು ನಿಂತಿದ್ದರು. ಹುಡುಗಿ ಕಲ್ಲಿನ ಮೇಲೆ ನಿಂತಳು. ಅಮ್ಮಣ್ಣಿ ಚಮಕಿಯನ್ನು ನೋಡಿತು. ಬೆದರಲಿಲ್ಲ! ಬದಲಿಗೆ ಸಂತೋಷದಿಂದ ಮೂಗು ಸುಯ್ ಅನ್ನಿಸಿತು. ಹುಡುಗಿ ಹತ್ತಿ ಕೂತಳು. ಯಜಮಾನರು ನನ್ನ ಕಡೆ ನೋಡಿ ಮೀಸೆಯ ತುದಿ ಕುಣಿಸಿದರು.

"ನಡಿ ತಾಯಿ."

ಅಮ್ಮಣ್ಣಿ ನಡೆಯಲಿಲ್ಲ. ತಲೆಯನ್ನು ಹಿಂದಕ್ಕೆ ತಿರುಗಿಸಿ ಬೆನ್ನ ಮೇಲಿದ್ದ ಮುಸುಕನ್ನು ನೋಡಿತು. ಅದನ್ನು ಹಿಂಬಾಲಿಸಲು ಹೊರಟಿತು. ಬೆನ್ನ ಮೇಲಿರುವುದನ್ನು ಹಿಂಬಾಲಿಸುವುದು ಹೇಗೆ? ನಿಂತಲ್ಲೇ ಗಿರ್ರನೆ ಒಂದು ಸುತ್ತು ಸುತ್ತಿತು. ಮತ್ತೊಂದು ಸುತ್ತಿತು. ಹುಡುಗಿ ಜೀನು ಹಿಡಿದುಕೊಂಡಳು. ಯಜಮಾನರು ಮುಂದೆ ಬಂದು ಎಳೆದರು, ರಮಿಸಿದರು, ಕ್ಯಾರೆಟ್ಟು ತೋರಿಸಿದರು. ಕೋಟು ತೊಟ್ಟ ಈ ಮನುಷ್ಯ ಯಾರೋ ಅನ್ನುವ ಹಾಗೆ ಅಮ್ಮಣ್ಣಿ ಅವರನ್ನು ದಾಟಿ ನೋಡಿ, ಮತ್ತೆ ಸುತ್ತಲು ಶುರುಮಾಡಿತು. ಸ್ಟ್ಯಾಂಡಿನವರೆಲ್ಲ ಎದ್ದು ಬಂದರು. ಯಾರೋ ಕಿಸಕ್ಕೆಂದರು.

"ಇಳಿಯಮ್ಮ, ಇಳಿ," ಅಂದರು ಅತ್ತೆ. "ಮೂಕಪ್ರಾಣಿ ಪಾಪ, ಅದಕ್ಕೇನು ಗೊತ್ತಾಗುತ್ತೆ. ಕುರ್ಚಿ ತನ್ನಿ ಇಲ್ಲಿ."

ಹುಡುಗಿ ಇಳಿಯಲಿಲ್ಲ. ಕನ್ನಡಕ ಒರೆಸಲು ಅವಳಿಗೆ ಕೈ ಖಾಲಿ ಇರಲಿಲ್ಲ. ಮುಖ ಮಾತ್ರ ಸುಣ್ಣದ ಹಾಗಾಗಿತ್ತು. ಕುರ್ಚಿಯನ್ನು ತಂದು ಅವಳ ಪಕ್ಕಕ್ಕೇ ಇಟ್ಟರು. ಅವಳು ಅದರ ಕಡೆ ನೋಡಲಿಲ್ಲ. "ಯಜಮಾನ್ರೇ, ಏನಾಯ್ತು ಹೇಳಿ," ಅಂದಳು.

ಉತ್ತರ ಮೇಲಿನಿಂದ ಬಂತು. ಲಾಯದ ಮೇಲಿನ ಕೋಣೆಯಲ್ಲಿ, ಸ್ಟ್ಯಾಂಡಿನ ಕಡೆಯ ಕಿಟಕಿಯಲ್ಲಿ ಯಜಮಾನರ ಹೆಂಡತಿ.

"ರೀ! ಅಮ್ಮಣ್ಣಿ ಮುಂದೆ ಹೋಗೋ ಚಮಕಿ ಹುಡುಕ್ತಿದಾಳೆ ಕಣ್ರೀ! ನೀವು ಕಲಿಸಿದ್ದೇ ಹಾಗಲ್ವಾ! ಚಮಕಿ ಮುಂದೆ, ಅವಳು ಹಿಂದೆ!"

ನನಗೆ ತಲೆಯ ಮೇಲೆ ಬೆಡ್‌ಶೀಟು ಬಿದ್ದ ಹಾಗಾಯಿತು. ಅಷ್ಟು ದಿನ ಬೆಳಗ್ಗೆ ಹಾಳೆ ಬಡಿದರೂ ಇದು ಹೊಳೆದಿರಲಿಲ್ಲವಲ್ಲ! ಹೊಳೆಯುವುದಕ್ಕೆ ಹೆದರಬೇಡ ಅಂತ ಕಲಿಸಲು ಹೋಗಿ, ಹೊಳೆಯುವುದರ ಹಿಂದೆಯೇ ಹೋಗು ಅಂತ ಕಲಿಸಿದ್ದೆವು.

ಸ್ಟ್ಯಾಂಡಿನಲ್ಲಿ ಒಬ್ಬ ಒಣಕಲು ಮನುಷ್ಯನಿದ್ದ, ಎಲ್ಲರೂ ಹುರಿಗಾಳು ಅನ್ನುತ್ತಿದ್ದರು. ಯಜಮಾನರ ಮೀಸೆಯ ಮೇಲೆ ಹಳೆಯ ಹೊಟ್ಟೆಕಿಚ್ಚು. "ಯಾವ ಚಮಕಿ ಯಜಮಾನ್ರೇ? ಏನು ಕಲಿಸಿದ್ರಿ?" ಅಂತ ಅವನು ಕೇಳಿದ.

ಯಜಮಾನರು ಹುರಿಗಾಳನ್ನು ನೋಡಿದರು. ಕುರ್ಚಿಯನ್ನು ನೋಡಿದರು. ಹುಡುಗಿಯನ್ನು ನೋಡಿದರು. ಕೈ ತಾನಾಗಿ ಮೀಸೆಯ ಕಡೆ ಹೋಯಿತು, ಮುಟ್ಟದೆ ಇಳಿಯಿತು.

"ಎಸಿ ಕಣೇ," ಅಂದರು ಕಿಟಕಿಯ ಕಡೆ.

ಮುಸುಕು ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತಾ ಮಿಣಮಿಣ ಅನ್ನುತ್ತಾ ಇಳಿದು ಬಂತು. ಅದನ್ನು ಹಿಡಿದು, ಕೊಡವಿ, ಇಡೀ ಸ್ಟ್ಯಾಂಡಿನ ಮುಂದೆ, ಎರಡೂ ಮನೆಯ ಬೀಗರ ಮುಂದೆ, ಆ ಮನುಷ್ಯ ತಲೆಗೆ ಹೊದ್ದುಕೊಂಡರು. ಹೊದ್ದುಕೊಂಡು, ಅಂಚು ಸರಿಮಾಡಿಕೊಂಡು, ಬೆಟ್ಟದ ಕಡೆ ತಿರುಗಿ ನಡೆದರು.

ಅಮ್ಮಣ್ಣಿ ತಕ್ಷಣ ಹಿಂದೆ ಹೊರಟಿತು, ದಿನಾ ಮಾಡುವ ಕೆಲಸದ ಹಾಗೆ.

ನಗು ಬಂತು, ಬರದೇ ಇರುತ್ತದೆಯೇ. ಹುರಿಗಾಳು ಗೋಡೆಗೆ ಒರಗಿ ನಕ್ಕ. ಇನ್ನೊಬ್ಬ ಸಿಳ್ಳೆ ಹಾಕಿದ. "ಯಜಮಾನ್ರೇ, ಮುಹೂರ್ತ ಎಷ್ಟೊತ್ತಿಗೆ?" ಅಂತ ಮತ್ತೊಬ್ಬ ಕೂಗಿದ. ಯಜಮಾನರು ತಿರುಗಿ ನೋಡಲಿಲ್ಲ. ಮುಸುಕಿನೊಳಗೆ ಕಿವಿ ಕೆಂಪಾದದ್ದು ಬಿಸಿಲಿಗೆ ಕಾಣುತ್ತಿತ್ತು. ಹೆಜ್ಜೆ ಮಾತ್ರ ಒಂದೇ ಸಮ. ಅಮ್ಮಣ್ಣಿಯ ಮೇಲಿಂದ ಹುಡುಗಿ ಹಿಂದೆ ತಿರುಗಿ, ಸಿಳ್ಳೆ ಹಾಕಿದವನನ್ನು ಒಂದು ನೋಟ ನೋಡಿದಳು. ಅವನು ಬೆರಳನ್ನು ಬಾಯಿಂದ ತೆಗೆದು ಜೇಬಿಗೆ ಹಾಕಿಕೊಂಡ.

ಏರುದಾರಿಯ ವಿಷಯ ನನ್ನನ್ನು ಕೇಳಬೇಡಿ. ನನಗೆ ನನ್ನ ಶೂ ಬಿಟ್ಟು ಬೇರೇನೂ ಕಾಣಲಿಲ್ಲ. ಕುರ್ಚಿ ಹೇಗೂ ಬಂದಿದೆಯಲ್ಲ ಅಂತ ಅತ್ತೆ ತಾವೇ ಅದರಲ್ಲಿ ಕೂತು ನನ್ನ ಪಕ್ಕದಲ್ಲೇ ಹಾದುಹೋದರು. "ಉಸಿರು ಮೂಗಲ್ಲಿ ಬಿಡಿ," ಅಂತ ಸಲಹೆ ಕೊಟ್ಟರು. ಆ ಕುರ್ಚಿಯ ಮೇಲೆ ನನಗೆ ಯಾವ ತಾತ್ವಿಕ ವಿರೋಧವೂ ಉಳಿದಿರಲಿಲ್ಲ.

ಕೊಳಕ್ಕೆ ಸ್ವಲ್ಪ ಮೊದಲು ದಾರಿ ಅಗಲವಾಗಿ ಹುಲ್ಲಿನ ಇಳಿಜಾರಿಗೆ ಬಂದು ಸೇರುತ್ತದೆ. ಅಲ್ಲಿ ಯಜಮಾನರು ನಿಂತರು; ನಾನಿನ್ನೂ ಕೆಳಗಿದ್ದೆ, ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ದೂರದಲ್ಲಿ. "ತಾಯಿ, ಇನ್ನು ನಾನು ಜೊತೆಗಿದ್ದರೆ ಫೋಟೋದಲ್ಲಿ ಇಬ್ಬರು ಮದುವಣಗಿತ್ತಿಯರು ಆಗ್ತಾರೆ. ನಾನು ಮುಂದೆ ಹೋಗಿ ಆ ಬಂಡೆ ಹತ್ರ ನಿಲ್ತೀನಿ. ಅಮ್ಮಣ್ಣಿ ನನ್ನ ನೋಡ್ಕೊಂಡು ಬರ್ತಾಳೆ. ಲಗಾಮು ನಿನ್ನದು. ಆಗುತ್ತಾ?"

"ಆಗುತ್ತೆ."

ಅವರು ಮುಸುಕು ಎತ್ತಿಹಿಡಿದು ದಾಪುಗಾಲು ಹಾಕಿ ಹೋಗಿ, ಫೋಟೋದವನ ಬೆನ್ನ ಹಿಂದೆ, ಬಂಡೆಯ ಮೇಲೆ ಹತ್ತಿ ನಿಂತರು. ಎರಡೂ ಕೈಯಲ್ಲಿ ಮುಸುಕು ಅಗಲಿಸಿ, "ಬಾ ತಾಯೀ! ಬಾ ಬಂಗಾರೀ!" ಅಂತ ಕೂಗಿದರು. ಅಮ್ಮಣ್ಣಿ ಹೊರಟಿತು. ಹಿಂದೆ ಶಿಖರಗಳು, ಸುತ್ತ ಯಾರೂ ಇಲ್ಲ. ಹುಡುಗಿ ಬೆನ್ನು ನೆಟ್ಟಗೆ ಮಾಡಿ, ಲಗಾಮು ಹಿಡಿದು, ಒಬ್ಬಳೇ.

ಅಷ್ಟರಲ್ಲಿ ಆ ಹಾಳು ಗಾಳಿ. ಹುಡುಗಿಯ ಮುಸುಕು ಮೇಲಕ್ಕೆದ್ದು, ಬಿಚ್ಚಿಕೊಂಡು, ನೇರ ಅಮ್ಮಣ್ಣಿಯ ಕಣ್ಣ ಮೇಲೆಯೇ ಬಿತ್ತು. ಆ ಇಳಿಜಾರಿನಲ್ಲಿ ಒಂದೇ ಒಂದು ಪೊದೆಯಿರಲಿಲ್ಲ. ಹುಡುಗ ಓಡಲು ಹೊರಟ. ಬಂಡೆಯ ಮೇಲಿಂದ ಯಜಮಾನರು, "ಯಾರೂ ಅಲ್ಲಾಡಬೇಡಿ!" ಅಂತ ಗುಡುಗಿದರು. ಅಮ್ಮಣ್ಣಿ ನಿಂತಿತು. ಕಿವಿ ಹಿಂದಕ್ಕೆ ಹೋದವು. ಹುಡುಗಿ ಮೆಲ್ಲಗೆ ಮುಂದಕ್ಕೆ ಬಾಗಿ, ಒಂದು ಕೈಯಲ್ಲಿ ಮುಸುಕನ್ನು ಅದರ ಮುಖದಿಂದ ಎತ್ತಿ, ಕಿವಿಯ ಹತ್ತಿರ ಏನೋ ಹೇಳಿದಳು. ಏನು ಹೇಳಿದಳೋ, ಇವತ್ತಿಗೂ ಹೇಳಿಲ್ಲ. ಅಮ್ಮಣ್ಣಿ ಒಂದು ಸೀನು ಸೀನಿ, ಬಾಯಿಗೆ ಸಿಕ್ಕ ಒಂದೆರಡು ಚಮಕಿ ಅಗಿಯುತ್ತಾ, ಬಂಡೆಯ ಕಡೆ ನಡೆದುಕೊಂಡು ಹೋಯಿತು.

ನಾನು ಏದುಸಿರು ಬಿಡುತ್ತಾ ಕೊನೆಯ ಏರು ಹತ್ತುತ್ತಿದ್ದಾಗ ಅವಳು ಇನ್ನೂ ಜೀನಿನ ಮೇಲೆಯೇ ಇದ್ದಳು, ಕೊಳದ ಅಂಚಿನಲ್ಲಿ. "ಅವಸರ ಇಲ್ಲ ಚಿಕ್ಕಪ್ಪ, ನಿಂತು ನಿಂತು ಬಾ," ಅಂತ ಮೇಲಿಂದ ಕೂಗಿದಳು. ಅವಳ ಆಯುಸ್ಸಿನಲ್ಲಿ ಅವಳು ಯಾರಿಗಾದರೂ ಹಾಗೆ ಕೂಗಿ ಹೇಳಿದ್ದು ಅದೇ ಮೊದಲು. ನಾನು ಬೇಕಂತಲೇ ಇನ್ನೂ ಸ್ವಲ್ಪ ನಿಧಾನ ಮಾಡಿದೆ ಅಂತ ಬರೆಯಬಹುದಿತ್ತು. ಆದರೆ ಅದಕ್ಕಿಂತ ನಿಧಾನವಾಗಿ ಹೋಗಲು ನನ್ನಿಂದ ಸಾಧ್ಯವಿರಲಿಲ್ಲ.

ಫೋಟೋ ನಮ್ಮಣ್ಣನ ಮನೆಯ ಹಜಾರದಲ್ಲಿದೆ. ಅದರಲ್ಲಿ ಹುಡುಗಿ ಎದುರಿಗೇನೋ ನೋಡಿ ಬಾಯಿ ತುಂಬಾ ನಗುತ್ತಿದ್ದಾಳೆ. ಬಂದವರೆಲ್ಲ "ಎಷ್ಟು ಸಹಜವಾಗಿ ನಗಿಸಿದಾನೆ ಫೋಟೋದವನು" ಅನ್ನುತ್ತಾರೆ. ಅವನ ಬೆನ್ನ ಹಿಂದೆ ಬಂಡೆಯ ಮೇಲೆ ಯಾರಿದ್ದರೆಂದು ನಮಗೆ ಮಾತ್ರ ಗೊತ್ತು.

ಕೆಳಗಿಳಿಯುವಾಗಲೂ ಯಜಮಾನರು ಮುಸುಕು ಹೊದ್ದೇ ಇಳಿಯಬೇಕಾಯಿತು, ಅಮ್ಮಣ್ಣಿ ಬೇರೆ ದಾರಿ ಇಟ್ಟಿರಲಿಲ್ಲ. ಆಮೇಲೂ ಅದು ಬಿಡಲಿಲ್ಲ. ಮುಸುಕಿಲ್ಲದೆ ಅವರು ಬಂದರೆ ಗೋಡೆಗೆ ಮುಖ ಮಾಡುತ್ತಿತ್ತಂತೆ. ಈ ವರ್ಷ ಹುಡುಗಿ, ಅಳಿಯನ ಜೊತೆ ನಾನೂ ಮತ್ತೆ ಆ ಊರಿಗೆ ಹೋಗಿದ್ದೆ. ಆಗ ಯಜಮಾನರ ಹೆಂಡತಿ ಎಲ್ಲ ಹೇಳಿದರು. ಬಿಡಿಸಲಿಕ್ಕೆಂದು ದಿನಕ್ಕಿಷ್ಟು ಮುಸುಕು ಕತ್ತರಿಸುತ್ತಾ ಬಂದರಂತೆ. ಮಂಜಿನಲ್ಲಿ ಅಡಗಿಕೊಂಡಲ್ಲ, ಹಾಡಹಗಲೇ, ಸ್ಟ್ಯಾಂಡಿನ ನಡುವೆಯೇ. ಮುಸುಕು ಸೊಂಟಕ್ಕೆ ಬಂತು, ಹೆಗಲಿಗೆ ಬಂತು, ಕೊನೆಗೆ ಕರವಸ್ತ್ರದಷ್ಟಾಯಿತು. ಕತ್ತರಿಸಿದ ತುಂಡುಗಳನ್ನು ಮೊದಲು ಬೇಡಿ ಒಯ್ದವನು ಹುರಿಗಾಳು. ಅವನ ಪ್ರಾಣಿಯೂ ಹೊಳೆಯುವುದಕ್ಕೆ ಬೆದರುತ್ತಿತ್ತಂತೆ.

ಈಗ ಅಂಗೈಯಗಲದ ಒಂದು ಚಮಕಿ ತುಂಡು ಯಜಮಾನರ ಕೋಟಿನ ತೋಳಿನ ಮೇಲಿದೆ, ಹೊಲಿದು ಭದ್ರ ಮಾಡಿದ್ದು.

"ಇದನ್ನೂ ತೆಗೀಬೋದಲ್ಲ ಯಜಮಾನ್ರೇ?" ಅಂದೆ.

"ಅಮ್ಮಣ್ಣಿ ಒಪ್ಪಲ್ಲ ಸಾರ್."

ಕಿಟಕಿಯಲ್ಲಿ ಹೊಲಿಗೆ ಯಂತ್ರ ನಿಂತಿತು. "ಅಮ್ಮಣ್ಣಿ ಎಂದೋ ಒಪ್ಪಿದಾಳೆ," ಅಂದರು ಅವರ ಹೆಂಡತಿ. "ಇವರೇ ಒಪ್ಪಲ್ಲ."